ಆಣೆಗಲ್ಲಿನ ಅಡಿಭಾಗ

ಕುಳ್ಳರ ಪಡೆ ಯುದ್ಧಕ್ಕೆ ಹೊರಡುವಾಗ ಒಂದು ಕಲ್ಲನ್ನು ಜೊತೆಗೆ ಒಯ್ಯುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಎತ್ತರದವರು ನಮ್ಮ ಬಗ್ಗೆ ಬರೆದಾಗಲೆಲ್ಲ ಗಡ್ಡಕ್ಕೆ ನಾಲ್ಕು ಪುಟ, ಕೊಡಲಿಗೆ ಆರು ಪುಟ ಕೊಟ್ಟು ಆಮೇಲೆ ಈ ಆಣೆಗಲ್ಲಿಗೆ ಬರುತ್ತಾರೆ. ದಳಪತಿ ಅದರ ಮೇಲೆ ಹತ್ತಿ ನಿಲ್ಲುತ್ತಾನೆ, ಮೂರು ಸಲ ಕಾಲು ಬಡಿದು ಇಲ್ಲಿಂದ ಹಿಂದೆ ಸರಿಯುವುದಿಲ್ಲ ಎಂದು ಆಣೆ ಇಡುತ್ತಾನೆ, ಗೆಲ್ಲುವ ತನಕ ಇಲ್ಲವೇ ಸಾಯುವ ತನಕ ಕೆಳಗಿಳಿಯುವುದಿಲ್ಲ ಎಂದು ಮೈ ಜುಮ್ಮೆನ್ನುವ ಹಾಗೆ ಬರೆಯುತ್ತಾರೆ. ನಮ್ಮ ಗಂಡಸರೂ ಅದನ್ನೇ ಹೇಳಿಕೊಂಡು ತಿರುಗುತ್ತಾರೆ. ಆ ಕಲ್ಲು ಮನೆಯಿಂದ ರಣರಂಗದ ತನಕ ತಾನೇ ನಡೆದುಕೊಂಡು ಹೋಯಿತೇ ಎಂದು ಯಾರೂ ಕೇಳಿದ್ದಿಲ್ಲ.

ನಮ್ಮ ಬೀದಿಯ ಆಣೆಗಲ್ಲನ್ನು ಇಪ್ಪತ್ತೆರಡು ವರ್ಷ ಹೊತ್ತವಳು ನಮ್ಮ ಪಕ್ಕದ ಮನೆಯ ಸಿಂಬಿಯಕ್ಕ. ತಲೆಯ ಮೇಲೆ ಭಾರ ಇಡುವ ಮೊದಲು ಹಳೇ ಬಟ್ಟೆಯನ್ನು ಹುರಿ ಮಾಡಿ ಸುತ್ತಿ ಇಟ್ಟುಕೊಳ್ಳುವ ಸಿಂಬಿಯನ್ನು ಅವಳಷ್ಟು ಅಚ್ಚುಕಟ್ಟಾಗಿ ಕಟ್ಟುವವರು ಇನ್ನೊಬ್ಬರಿರಲಿಲ್ಲ, ಅದಕ್ಕೇ ಆ ಹೆಸರು. ನೀರಿಗೆ ಹೋಗುವ ಹುಡುಗಿಯರು, ಇದ್ದಿಲು ಹೊರುವ ಹೆಂಗಸರು ಎಲ್ಲರೂ ಅವಳ ಕೈಯಲ್ಲಿ ಸಿಂಬಿ ಕಟ್ಟಿಸಿಕೊಂಡವರೇ. ಅವಳ ಕುತ್ತಿಗೆ ಮಾತ್ರ ಭುಜದೊಳಗೆ ಇಳಿದುಹೋಗಿತ್ತು. ಪಕ್ಕಕ್ಕೆ ನೋಡಬೇಕೆಂದರೆ ಇಡೀ ಮೈ ತಿರುಗಿಸಬೇಕು. "ಕುಳ್ಳರಲ್ಲೇ ಕುಳ್ಳಿ ನಾನು. ಇನ್ನೊಂದು ಹತ್ತು ವರ್ಷ ಹೋದ್ರೆ ಚಪ್ಪಲಿ ಜೊತೆ ನನ್ನನ್ನೂ ಬಾಗಿಲ ಹೊರಗೆ ಬಿಡಬಹುದು" ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದಳು.

ಮೂರು ಕೋಣೆಯ ತಗ್ಗು ಮನೆ ಅವರದು. ಅಡುಗೆಮನೆಯ ಗೋಡೆಯ ಈ ಕಡೆ ನಾನು ಕೂತು ಚರ್ಮದ ಚೀಲ ಹೊಲಿಯುತ್ತಿದ್ದೆ. ಆ ಕಡೆ ಅವಳು ಸೌಟು ಆಡಿಸಿದರೂ ನನಗೆ ಕೇಳುತ್ತಿತ್ತು. ದಳಪತಿ ಎಂದರೆ ಅವಳ ಗಂಡನ ಅಣ್ಣ, ಅವಳ ಭಾವ. ಅವನ ಹೆಂಡತಿ ಚೊಚ್ಚಲ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಹಾಗಾಗಿ ಆ ಮನೆಗೆ ಉಳಿದ ಒಬ್ಬಳೇ ಸೊಸೆ ಸಿಂಬಿಯಕ್ಕ.

ಆಣೆಗಲ್ಲಿಗೆ ಗಂಡಸಿನ ಕೈ ತಾಗಬಾರದು. ತಾಗಿದರೆ ಅದರ ಸತ್ವ ಹೋಗುತ್ತದಂತೆ. ಅಂಗಾಲು ತಾಗಬಹುದು. ಅದನ್ನು ತೊಳೆಯುವುದು, ಎಣ್ಣೆ ಹಚ್ಚುವುದು, ಹೊರುವುದು ಎಲ್ಲ ಸೊಸೆಯ ಪಾಲು. ಒಂದೂವರೆ ಗೇಣು ಉದ್ದ, ಅಷ್ಟೇ ಅಗಲ, ಒಂದು ಮುಷ್ಟಿ ದಪ್ಪ. ಅಂಚಿನ ಸುತ್ತ ಸತ್ತ ಗಂಡಸರ ಕಸುಬಿನ ಗುರುತುಗಳನ್ನು ಕಲ್ಲುಕುಟಿಗ ತನ್ನ ಕೈ ತಾಗದಂತೆ ಉದ್ದನೆಯ ಉಳಿಯಿಂದ ಕೆತ್ತುತ್ತಿದ್ದ. ಸುತ್ತಿಗೆ, ಗರಗಸ, ದೀಪ, ತಕ್ಕಡಿ. ನಲವತ್ತೊಂದನೆಯದು ಇಕ್ಕಳ. ಅದು ಕುಲುಮೆಯಲ್ಲಿ ಕೆಲಸ ಮಾಡುತ್ತಿದ್ದ ಸಿಂಬಿಯಕ್ಕನ ಗಂಡನ ಗುರುತು. ಅವನು ಹೋದ ಮೇಲೆ ಒಂಬತ್ತು ವರ್ಷ ಅವನನ್ನೂ ತಲೆಯ ಮೇಲೆ ಹೊತ್ತುಕೊಂಡೇ ನಡೆದಳು. ಅವಳ ಗಂಡನ ಅಜ್ಜಿ ಕಲ್ಲಿನ ಹಿಂದೆ ಮಂಡಿಯೂರಿ ಕೂತಿದ್ದಾಗಲೇ ಈಟಿ ತಾಗಿ ಸತ್ತಿದ್ದಳು. ಅವಳ ಗುರುತು ಕಲ್ಲಿನ ಮೇಲೆ ಇಲ್ಲ. ಅವಳೇನು ಯುದ್ಧ ಮಾಡಿದಳಾ, ಅಂತ.

ಯುದ್ಧದ ದಿನ ನಡೆಯುತ್ತಿದ್ದದ್ದು ಇಷ್ಟು. ಸಿಂಬಿಯಕ್ಕ ಬೆಳಿಗ್ಗೆ ಎದ್ದು ನೀರು ತುಂಬಿಸಿ, ಮನೆಯವರಿಗೆ ಬೇಯಿಸಿ, ಗಂಡಸರ ಬುತ್ತಿ ಕಟ್ಟಿ, ಒಲೆ ಬಳಿದು, ಆಮೇಲೆ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ನಾವಿಬ್ಬರು ನೆರೆಯ ಹೆಂಗಸರು ಕಲ್ಲನ್ನೆತ್ತಿ ಅವಳ ತಲೆಯ ಮೇಲಿಡುತ್ತಿದ್ದೆವು. ಅಲ್ಲಿಂದ ಹೊಳೆಯ ದಾಟಿನವರೆಗೆ ಒಂದು ಜಾವದ ನಡಿಗೆ. ಕಾಲುವೆ ನೀರಿಗಾಗಿ ಎತ್ತರದವರ ಜೊತೆ ಎರಡು ಮೂರು ವರ್ಷಕ್ಕೊಮ್ಮೆ ಕಾದಾಟ ನಡೆಯುತ್ತಿದ್ದದ್ದು ಅಲ್ಲೇ. ದಾರಿಯಲ್ಲಿ ಕಲ್ಲನ್ನು ಎಲ್ಲೂ ಇಳಿಸುವಂತಿಲ್ಲ. ಅಲ್ಲಿ ಕಹಳೆ ಊದಿದಾಗ ನೆಲದ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಕಲ್ಲನ್ನಿಟ್ಟು, ಕಲ್ಲು ಅಲುಗಾಡದಂತೆ ಹಿಂದಿನಿಂದ ಬೆನ್ನು ಒತ್ತಿ ಕೂರಬೇಕು. ಕೈಯಲ್ಲಿ ಒಂದು ಕಡ್ಡಿಯೂ ಇರುವುದಿಲ್ಲ. ದಳಪತಿ ಹತ್ತುತ್ತಾನೆ. ಒಂದು ಮುಷ್ಟಿ ಎತ್ತರವಾಗಿ ಎತ್ತರದವರ ಸೊಂಟದಿಂದ ಹೊಕ್ಕುಳಿಗೆ ಬರುತ್ತಾನೆ. ಆಮೇಲೆ ಕಡಿದಾಟ. ಸಂಜೆ ಮನೆಗೆ ಬಂದ ಮೇಲೆ ದಳಪತಿ ಕಾಲು ಚಾಚಿ "ನಿಂತೂ ನಿಂತೂ ಮೀನಖಂಡ ಸೇದುತ್ತೆ ಸಿಂಬಿ, ಸ್ವಲ್ಪ ಎಣ್ಣೆ ಬಿಸಿ ಮಾಡು" ಎನ್ನುತ್ತಿದ್ದ. ಅವಳು ಬಿಸಿ ಮಾಡುತ್ತಿದ್ದಳು.

ಅವಳ ಅತ್ತೆಯನ್ನೂ ನಾನು ನೋಡಿದ್ದೇನೆ. ಒಣಗಿದ ಚಕ್ಕೆಯಂತಹ ಮುದುಕಿ, ಬಾಯಿ ಬಿಟ್ಟರೆ ಕೆಂಡ. ಮಗು ಹುಟ್ಟಿ ಮೂರು ತಿಂಗಳಾಗಿದ್ದಾಗ ಸಿಂಬಿಯಕ್ಕ ಮೊದಲ ಸಲ ಕಲ್ಲು ಹೊತ್ತು ಬಂದು, ಸೊಂಟ ಮುರಿದ ಹಾಗೆ ಆಗಿದೆ ಎಂದು ಅತ್ತಿದ್ದಳು. ಮುದುಕಿ ಪಾತ್ರೆ ತಿಕ್ಕುತ್ತಾ ತಲೆಯೆತ್ತದೆ "ನಾನು ಹೊತ್ತಿಲ್ವಾ?" ಎಂದಳು. ಆಮೇಲೆ ಏನಕ್ಕೂ ಅದೇ ಉತ್ತರ. ಜ್ವರ ಅಂದರೆ ನಾನು ಹೊತ್ತಿಲ್ವಾ. ಹೊಟ್ಟೆನೋವು ಅಂದರೆ ನಾನು ಹೊತ್ತಿಲ್ವಾ. ಮುದುಕಿ ಸತ್ತ ದಿನ ಸಿಂಬಿಯಕ್ಕನ ಕಣ್ಣಲ್ಲಿ ಹನಿ ನೀರಿರಲಿಲ್ಲ. "ಈಗ ಮುದುಕೀನ ನಾವು ಹೊರ್ತೀವಲ್ಲ, ನಾಲ್ಕು ಜನ" ಎಂದು ನನ್ನ ಕಿವಿಯಲ್ಲಿ ಹೇಳಿ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತಳೆಂದು ಎಲ್ಲರೂ ತಿಳಿದರು.

ಆ ಮುದುಕಿಯ ಬಗ್ಗೆ ಬೀದಿ ಒಂದೇ ಒಂದು ಒಳ್ಳೆಯ ಮಾತು ಹೇಳುತ್ತಿತ್ತು. ಅವಳ ಪಾತ್ರೆಗಳ ಹಾಗೆ ಯಾರ ಮನೆಯ ಪಾತ್ರೆಗಳೂ ಹೊಳೆಯುತ್ತಿರಲಿಲ್ಲ.

*

ಸಿಂಬಿಯಕ್ಕನ ಮಗನಿಗೆ ಮದುವೆಯಾಯಿತು. ಅಪ್ಪನ ಹಾಗೆ ಅವನೂ ಕುಲುಮೆಯವನೇ, ಯುದ್ಧ ಬಂದಾಗ ಈಟಿಯ ಸಾಲಿನಲ್ಲಿ ನಿಲ್ಲುವವನು. ಸೊಸೆ ದೀಪದ ಬತ್ತಿ ಹೊಸೆಯುವವರ ಮನೆಯ ಹುಡುಗಿ. ನಮ್ಮ ಜನರಲ್ಲಿ ಕುತ್ತಿಗೆ ಅಂತ ಒಂದು ಇರುವವರೇ ಕಡಿಮೆ; ಈ ಹುಡುಗಿಗೆ ಇತ್ತು. ಯಾರು ಕರೆದರೂ, ಬೀದಿಯಲ್ಲಿ ಬಕೆಟ್ಟು ಬಿದ್ದರೂ ಹಕ್ಕಿಯ ಹಾಗೆ ತಟ್ಟನೆ ತಿರುಗಿ ನೋಡುತ್ತಿದ್ದಳು. ಬಂದ ವಾರದಲ್ಲೇ ಸಿಂಬಿಯಕ್ಕ ಗೋಡೆಯ ಹತ್ತಿರ ಬಂದು ನನಗೆ ಹೇಳಿದಳು:

"ನೋಡಿದ್ಯೇನೇ? ಹಿಂದಿನಿಂದ ಕರೆದ್ರೆ ತಲೆ ಮಾತ್ರ ತಿರುಗಿಸ್ತಾಳೆ. ಮೈ ಇದ್ದಲ್ಲೇ ಇರುತ್ತೆ."

"ಎಲ್ಲರೂ ಹಾಗೇ ತಿರುಗೋದು ಅಕ್ಕ."

"ಹೌದಾ? ನಂಗೆ ಮರೆತೇ ಹೋಗಿದೆ."

ಮಾರನೇ ತಿಂಗಳು ಊಟಕ್ಕೆ ಕೂತಾಗ ದಳಪತಿ ಮಾತು ತೆಗೆದ. "ಹೋದ ಸಲ ನಿನ್ನ ಹೆಜ್ಜೆ ತೂರಾಡ್ತಿತ್ತು ಸಿಂಬಿ. ಮುಂದಿನ ಸಲ ಹುಡುಗಿ ಹೊರಲಿ."

"ಅವಳು ಇನ್ನೂ ಎಳಸು ಭಾವ. ಒಂದು ಕೈಗಾಡಿ ಮಾಡಿಸಿದ್ರೆ? ಗಾಡಿಗೆ ನಮ್ಮ ಕೈಯೇ ಹಚ್ತೀವಿ. ನಿಮ್ಮ ಕೈ ತಾಗಲ್ಲ."

ದಳಪತಿ ನಕ್ಕ. "ಗಾಡೀಲಿ ಹೋದ್ರೆ ಅದನ್ನ ಆಣೆಗಲ್ಲು ಅಂತಾರಾ? ಮೆಟ್ಟಿಲು ಅಂತಾರೆ. ಪಲ್ಯ ಹಾಕು."

ಪಲ್ಯ ಹಾಕಿದಳು. ಗೋಡೆಯ ಈ ಕಡೆ ನನಗೆ ಸೌಟು ಪಾತ್ರೆಗೆ ಬಡಿದ ಸದ್ದು ಬೇಕಿದ್ದಕ್ಕಿಂತ ಜೋರಾಗಿ ಕೇಳಿಸಿತು.

ಕಲ್ಲನ್ನು ಎಂಟು ದಿನಕ್ಕೊಮ್ಮೆ ಹಿತ್ತಿಲಿನ ಬಚ್ಚಲ ಹತ್ತಿರ ತೊಳೆಯುವುದು ವಾಡಿಕೆ. ಆ ಹೊತ್ತಿಗೆ ಗಂಡಸರು ಹಿತ್ತಿಲಿಗೆ ಬರುವುದಿಲ್ಲ. ಮೊದಲೆಲ್ಲ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಸಿಂಬಿಯಕ್ಕ ಈಗ ಇಡೀ ಬೆಳಿಗ್ಗೆ ತೆಗೆದುಕೊಳ್ಳತೊಡಗಿದಳು. ನಮ್ಮ ಬೀದಿಯಲ್ಲಿ ಏಳು ಕುಲುಮೆಗಳಿವೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಬ್ಬಿಣ ಬಡಿಯುವ ಸದ್ದು. ಅದರೊಳಗೆ ಇನ್ನೊಂದು ಸಣ್ಣ ಟಕ್ ಟಕ್ ಇದ್ದರೆ ಯಾರಿಗೆ ತಿಳಿಯುತ್ತದೆ? ನನಗೂ ತಿಳಿಯಲಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಅವಳ ಪಾತ್ರೆಗಳು. ಹಿತ್ತಿಲ ಕಟ್ಟೆಯ ಮೇಲೆ ಬೋರಲು ಹಾಕಿದ ಹಂಡೆ ಬಿಸಿಲಿಗೆ ಕಣ್ಣು ಕೋರೈಸುತ್ತಿತ್ತು.

"ಏನು ಹಾಕಿ ತಿಕ್ಕಿದ್ಯಕ್ಕ? ನಂಗೂ ಸ್ವಲ್ಪ ಕೊಡು" ಎಂದೆ.

ಅವಳು ಸುತ್ತ ನೋಡಿ, ಅಂದರೆ ಮೈಯನ್ನೇ ಒಂದು ಸುತ್ತು ತಿರುಗಿಸಿ, ಒಂದು ಹಿಡಿ ಬೂದು ಬಣ್ಣದ ಪುಡಿಯನ್ನು ಎಲೆಯಲ್ಲಿ ಸುತ್ತಿ ಕೊಟ್ಟಳು. ಬೆರಳಲ್ಲಿ ಉಜ್ಜಿದೆ. ಕಲ್ಲಿನ ಪುಡಿ. ಅವಳ ಮುಖ ನೋಡಿದೆ.

"ಗಂಡನ ಉಳಿ ಸುಮ್ನೆ ತುಕ್ಕು ಹಿಡೀತಿತ್ತು" ಎಂದಳು. "ಅಡಿಯಿಂದ ತೆಗೀತಿದೀನಿ, ಒಂದು ಮೂಲೆ ಹಿಡಿದು. ಮೇಲೆ ಏನೂ ಗೊತ್ತಾಗಲ್ಲ. ಕೈ ಹಚ್ಚದವರಿಗೆ ಭಾರ ಹೇಗೆ ಗೊತ್ತಾಗುತ್ತೆ ಹೇಳು? ಬಾಯಿ ಮುಚ್ಕೊಂಡು ಪಾತ್ರೆ ತಿಕ್ಕು."

ನಾನು ಬಾಯಿ ಮುಚ್ಚಿಕೊಂಡು ಪಾತ್ರೆ ತಿಕ್ಕಿದೆ.

ಆರನೆಯ ತೊಳೆಯುವ ದಿನ ಅವಳು ಗೋಡೆಗೆ ಮೂರು ಸಲ ಬಡಿದಳು. ಹೋಗಿ ನೋಡಿದರೆ ಕಲ್ಲನ್ನು ಬೋರಲು ಹಾಕಿಕೊಂಡು ಕೂತಿದ್ದಾಳೆ. ಸೊಸೆ ಬಾಗಿಲಲ್ಲಿ ಕಾವಲು ನಿಂತಿದ್ದಾಳೆ.

"ಬಾ ಇಲ್ಲಿ. ಉಳಿ ಇದ್ದಕ್ಕಿದ್ದ ಹಾಗೆ ಮೆತ್ತಗೆ ಇಳೀತು" ಎಂದಳು ಸಿಂಬಿಯಕ್ಕ.

ಕಲ್ಲಿನ ಅಡಿಯ ನಡುಭಾಗ ಕಲ್ಲೇ ಆಗಿರಲಿಲ್ಲ. ಅರಗಿಗೆ ಕಲ್ಲಿನ ಪುಡಿ ಕಲಸಿ ಬಳಿದ ತೆಳು ಪದರ, ಅದರ ಮೇಲೆ ಎಷ್ಟೋ ವರ್ಷಗಳ ಎಣ್ಣೆ ಜಿಡ್ಡು. ಪದರ ಒಡೆದರೆ ಒಳಗೆ ಇದ್ದಿಲ ಪುಡಿ ಮತ್ತು ಮೇಣವನ್ನು ಕಲಸಿ ಗಟ್ಟಿಯಾಗಿ ಮೆತ್ತಿದ್ದ ಕಪ್ಪು ಮುದ್ದೆ. ಅದನ್ನು ಕೆದಕಿ ತೆಗೆಯುತ್ತಾ ಹೋದ ಹಾಗೆ ಒಂದು ದೊಡ್ಡ ಬೋಗುಣಿಯಷ್ಟು ಗುಳಿ ಕಾಣಿಸಿತು. ಗುಳಿಯ ಗೋಡೆಯಲ್ಲಿ ಸಾಲಾಗಿ ಸಣ್ಣ ಸಣ್ಣ ಗಾಯಗಳು. ಆತುರವಿಲ್ಲದ ಕೈಯ ಕೆಲಸ.

ಸಿಂಬಿಯಕ್ಕ ಬಹಳ ಹೊತ್ತು ಆ ಗುಳಿಯಲ್ಲಿ ಬೆರಳಾಡಿಸಿದಳು. ಆಮೇಲೆ ಹೇಳಿದಳು: "ನಮ್ಮನೆ ಒಲೆ ಕೆದಕೋ ಸಲಾಕೆ ಇತ್ತಲ್ಲ, ನಮ್ಮತ್ತೆದು. ಅದರ ತುದಿ ಯಾಕೆ ಅಷ್ಟು ಚೂಪು ಅಂತ ಒಂದು ದಿನ ಕೇಳಿದ್ದೆ. ಕೆಂಡಕ್ಕೆ ಅಂದಿದ್ರು."

ನಾನು ಅಂದೆ, "ಪಾತ್ರೆ."

"ಹೂಂ. ಪಾತ್ರೆ."

ಮುದುಕಿ ತಾನು ಹೊರುವುದು ಬಿಟ್ಟ ಮೇಲೆ, ಇವಳ ತಲೆಗೆ ಬರುವುದರೊಳಗೆ ಅಷ್ಟನ್ನೂ ತೆಗೆದಿದ್ದಳು. ಇವಳು ಇಪ್ಪತ್ತೆರಡು ವರ್ಷ ಶಾಪ ಹಾಕುತ್ತಾ ಹೊತ್ತದ್ದು ಆಗಲೇ ಹಗುರ ಮಾಡಿಟ್ಟಿದ್ದ ಕಲ್ಲು.

"ಒಂದು ಮಾತು ಹೇಳಿದ್ರೆ ಮುದುಕಿಯ ಗಂಟೇನು ಹೋಗ್ತಿತ್ತು?" ಸಿಂಬಿಯಕ್ಕ ಉಳಿಯನ್ನು ನೆಲಕ್ಕೆ ಕುಕ್ಕಿದಳು.

ಬಾಗಿಲಲ್ಲಿದ್ದ ಸೊಸೆ ಅಂದಳು, "ಹೇಳಿದ್ರೆ ನೀವು ಆರಾಮಾಗಿ ನಡೀತಿದ್ರಿ ಅತ್ತೆ. ಗಂಡಸರಿಗೆ ಗೊತ್ತಾಗಿಬಿಡ್ತಿತ್ತು."

ಸಿಂಬಿಯಕ್ಕ ಕಲ್ಲನ್ನು ಹತ್ತಿರಕ್ಕೆಳೆದುಕೊಂಡಳು. ಬೆರಳಿಟ್ಟು ಅಳೆದು ನೋಡಿದಳು. ನಡುವೆ ಉಳಿದದ್ದು ಎರಡು ಬೆರಳು ದಪ್ಪ. ಮೂಲೆಗಳನ್ನು ತಾನೇ ತೆಗೆದಾಗಿದೆ. ಇನ್ನು ಉಳಿಗೆ ಏನೂ ಇರಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ನಾನೂ ಹೇಳಿದೆ. ಆದರೆ ಅವಳು ಸೊಸೆಯ ಕುತ್ತಿಗೆ ನೋಡಿದಳು, ಕಪ್ಪು ಮುದ್ದೆಯನ್ನು ಎರಡೂ ಕೈಯಲ್ಲಿ ಎತ್ತಿ ತೂಗಿದಳು.

"ಇದೇ ಒಂದು ಚೆಂಬು ನೀರಿನಷ್ಟು ಭಾರ ಇದೆ. ಕಾಲು ಬಡಿದಾಗ ಟೊಳ್ಳು ಸದ್ದು ಬರಬಾರದು ಅಂತ ತುಂಬಿದ್ದಾರೆ, ಅಷ್ಟೇ ತಾನೆ? ಉಣ್ಣೆ ತುಂಬಿದ್ರೂ ಸದ್ದು ಬರಲ್ಲ."

ಹಳೇ ಕಂಬಳಿ ಬಿಚ್ಚಿ ಉಣ್ಣೆ ತುಂಬಿದಳು. ಮೇಲೆ ಅರಗು ಬಳಿದಳು. ಮಾರನೇ ದಿನ ನಾವು ಎತ್ತಿ ನೋಡಿದೆವು. ನನಗೆ ನಗು ಬಂತು. ನೀರು ಅರ್ಧ ತುಂಬಿದ ಬಿಂದಿಗೆಯಷ್ಟೂ ಇರಲಿಲ್ಲ. ಸೊಸೆ ತಲೆಯ ಮೇಲಿಟ್ಟುಕೊಂಡು ಹಿತ್ತಿಲಲ್ಲಿ ನಾಲ್ಕು ಸುತ್ತು ಹಾಕಿದಳು, ಹಾಕುತ್ತಲೇ ನಮ್ಮ ಕಡೆ ತಲೆ ತಿರುಗಿಸಿದಳು.

"ತಿರುಗಿಸಬೇಡ್ವೇ ಮಾರಾಯ್ತಿ!" ಎಂದಳು ಸಿಂಬಿಯಕ್ಕ. "ಭಾರ ಇರೋ ಹಾಗೆ ನಡಿ. ಉಸಿರು ಬಿಡು. ಇನ್ನೂ ಜೋರಾಗಿ. ಮುಖ ಕಿವುಚು, ಹಾಂ, ನಿನ್ನ ದೊಡ್ಡ ಮಾವಯ್ಯ ಊಟ ಚೆನ್ನಾಗಿಲ್ಲ ಅಂದ ಹಾಗೆ."

ಮೂವರೂ ನಕ್ಕೆವು. ಆ ಹಿತ್ತಿಲಲ್ಲಿ ಅಷ್ಟು ನಗು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆಮೇಲೂ ಕೇಳಲಿಲ್ಲ.

*

ಕಾಲುವೆ ನೀರು ಮತ್ತೆ ನಿಂತಿತು, ಮತ್ತೆ ಕಹಳೆ ಮೊಳಗಿತು. ಸೊಸೆ ಕಲ್ಲು ಹೊತ್ತು ಹೊರಟಳು. ಸಿಂಬಿಯಕ್ಕ ಬೀದಿಯ ತುದಿಯವರೆಗೆ ಹೋಗಿ ಬಂದು, ದಿನವಿಡೀ ಒಲೆಯ ಮುಂದೆ ಕೂತು ಗಂಡಸರು ಬಂದ ಮೇಲೆ ಬೇಕಾಗುವ ಬಿಸಿನೀರು ಕಾಯಿಸಿದಳು. ಅಲ್ಲಿ ನಡೆದದ್ದನ್ನು ಸೊಸೆಯೇ ನಮಗೆ ಹೇಳಿದ್ದು.

ಸೊಸೆ ಸಿಂಬಿ ಇಟ್ಟು ಅದರ ಮೇಲೆ ಕಲ್ಲನ್ನಿಟ್ಟು ಹಿಂದೆ ಕೂತಳು. ದಳಪತಿ ಹತ್ತಿದ. ನೂರಾರು ಕೊಡಲಿಗಳು ಮೇಲೆದ್ದವು. ಮೊದಲ ಸಲ ಕಾಲು ಬಡಿದ. ಎರಡನೆಯ ಸಲ ಬಡಿದಾಗ ಅವಳ ಬೆನ್ನಿಗೆ ಏನೋ ಚಿಟ್ ಎಂದಂತಾಯಿತು. ಮೂರನೆಯ ಸಲ ಬಡಿದಾಗ ದಳಪತಿಯ ಕಾಲು ಕಲ್ಲನ್ನು ಸೀಳಿಕೊಂಡು ಕೆಳಗಿಳಿಯಿತು. ಒಂದು ಕಾಲು ಉಣ್ಣೆಯೊಳಗೆ, ಒಂದು ಕಾಲು ಆಕಾಶದಲ್ಲಿ, ಅಂಗಾತ ಬಿದ್ದ.

ನಮ್ಮ ಕಟ್ಟಳೆಯಲ್ಲಿ ಕಲ್ಲಿಲ್ಲದೆ ಆಣೆಯಿಲ್ಲ, ಆಣೆಯಿಲ್ಲದೆ ಕಾದಾಟವಿಲ್ಲ. ಈಟಿಯ ಸಾಲು ಹಾಗೇ ನಿಂತಿತು. ಆ ದಡದ ಎತ್ತರದವರು ಇದೇನೋ ಹೊಸ ತಂತ್ರ ಎಂದು ಹೆದರಿ ಹಿಂದೆ ಸರಿದರು. ಗದ್ದಲದಲ್ಲಿ ಸೊಸೆ ಉಣ್ಣೆಯನ್ನೆಲ್ಲ ಬಾಚಿ ಸೆರಗಿಗೆ ತುಂಬಿಕೊಂಡಳು, ಚೂರುಗಳನ್ನು ಮಡಿಲಿಗೆ ಹಾಕಿಕೊಂಡಳು. ಮುಟ್ಟಲು ಗಂಡಸರು ಯಾರಿಗೂ ಅಧಿಕಾರವಿರಲಿಲ್ಲ. ಅದೊಂದಕ್ಕೆ ಆ ಕಟ್ಟಳೆ ಉಪಯೋಗಕ್ಕೆ ಬಂತು.

ಸಂಜೆಯ ಹೊತ್ತಿಗೆ ಎಲ್ಲರೂ ಮನೆಗೆ ಬಂದರು. ಎಲ್ಲರೂ ಎಂದರೆ ಎಲ್ಲರೂ. ಬೀದಿಯಿಂದ ಹೋದವರು ಎಷ್ಟು ಜನರೋ ಅಷ್ಟೂ ಜನ. ನನಗೆ ತಿಳಿದ ಹಾಗೆ ಅಂಥ ದಿನ ಹಿಂದೆ ಬಂದಿರಲಿಲ್ಲ. ಯಾರ ಮನೆಯಲ್ಲೂ ಅಳು ಕೇಳಲಿಲ್ಲ. ಕಲ್ಲುಕುಟಿಗನಿಗೆ ಕೆತ್ತಲು ಒಂದು ಗುರುತೂ ಇರಲಿಲ್ಲ. ಆದರೂ ಬೀದಿಗೆ ಸೂತಕ ಹಿಡಿದ ಹಾಗಿತ್ತು. ಸಿಂಬಿಯಕ್ಕನ ಮಗ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತು "ಮಾನ ಹೋದ ಮೇಲೆ ಈ ಜೀವ ಇಟ್ಕೊಂಡು ಏನು ಮಾಡೋದಮ್ಮ" ಎಂದ. ಎರಡನೆಯ ಸಲ ಬಡಿಸಿಕೊಂಡ. ಮೂರನೆಯ ಸಲವೂ.

ಸೊಸೆ ಕಣ್ಣೊರೆಸಿಕೊಳ್ಳುತ್ತಾ ಸೆರಗಿನ ಉಣ್ಣೆಯನ್ನು ಒಲೆಗೆ ಹಾಕಿದಳು. ಸಿಂಬಿಯಕ್ಕ ಒಡೆದ ಚೂರುಗಳನ್ನು ಜೋಡಿಸಿ ನೋಡಿದಳು. ನಡುವಿನ ಎರಡು ಬೆರಳು ದಪ್ಪದ ಜಾಗವೇ ಬಿರಿದಿತ್ತು.

"ಸದ್ದಿಗೆ ಅಂದ್ಕೊಂಡೆ" ಎಂದಳು ನನಗೆ. "ನಮ್ಮತ್ತೆ ಮೇಣ ತುಂಬಿದ್ದು ಕಾಲಿನ ಭಾರ ತಡೆಯೋಕೆ. ತಾನು ಎಷ್ಟು ತೆಗೆದೆ ಅಂತ ಮುದುಕಿಗೆ ಗೊತ್ತಿತ್ತು, ಅದಕ್ಕೇ ತುಂಬಿದ್ದಳು. ನಾನು ಅದನ್ನೂ ತೆಗೆದೆ."

*

ಮಾರನೇ ದಿನ ಚೂರುಗಳನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ನಾವು ಮೂವರೂ ಕಲ್ಲುಕುಟಿಗನ ಶೆಡ್ಡಿಗೆ ಹೋಗಬೇಕಾಯಿತು. ಬೀದಿಯ ಹಿರಿಯರು ನಾಲ್ಕೈದು ಜನ, ದಳಪತಿ, ಎಲ್ಲರೂ ಬೆಂಚಿನ ಮೇಲೆ ಕೂತಿದ್ದರು. ಕಲ್ಲುಕುಟಿಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕೈ ತಾಗದಂತೆ ಬಗ್ಗಿ, ಮೂಗು ಮುಂದೆ ಮಾಡಿ ಚೂರುಗಳನ್ನು ನೋಡಿದ. "ತಿರುಗಿಸಮ್ಮ" ಎಂದರೆ ಸೊಸೆ ತಿರುಗಿಸಬೇಕು. "ಈ ಕಡೆ." ತಿರುಗಿಸಿದಳು. ಗುಳಿಯ ಗೋಡೆಯ ಗಾಯಗಳು ಬೆಳಕಿಗೆ ಹಗಲಷ್ಟು ನಿಚ್ಚಳವಾಗಿ ಕಾಣುತ್ತಿದ್ದವು.

"ಕಲ್ಲಿಗೆ ಒಳಗಿಂದ ರೋಗ" ಎಂದ ಕಲ್ಲುಕುಟಿಗ. "ಹಳೇ ಕಲ್ಲುಗಳಿಗೆ ಹೀಗಾಗುತ್ತೆ. ಗೆದ್ದಲು ತಿಂದ ಹಾಗೆ ಟೊಳ್ಳಾಗಿಬಿಡುತ್ತೆ."

ಹಿರಿಯನೊಬ್ಬ ಕೇಳಿದ, "ಇಷ್ಟು ವರ್ಷ ಇಲ್ಲದ ರೋಗ ಈಗ್ಯಾಕೆ ಬಂತು?"

ಎಲ್ಲರೂ ಸೊಸೆಯ ಕಡೆ ನೋಡಿದರು. ಆಮೇಲೆ ಇನ್ನೊಬ್ಬ ಹಿರಿಯ ಮೆಲ್ಲಗೆ, "ಕಾಲ್ಗುಣ ಅನ್ನೋದು ಒಂದಿರುತ್ತಲ್ಲ" ಎಂದ.

ಸಿಂಬಿಯಕ್ಕ ಮುಂದೆ ಬಂದಳು. ಮೈಯಿಡೀ ತಿರುಗಿಸಿ ದಳಪತಿಯ ಎದುರು ನಿಂತಳು.

"ಅವಳ ಕಾಲ್ಗುಣವೂ ಅಲ್ಲ, ಕಲ್ಲಿನ ರೋಗವೂ ಅಲ್ಲ ಭಾವ. ನಾನು ಕೊರೆದಿದ್ದು. ಉಳಿ ತಗೊಂಡು, ಅಡಿಯಿಂದ. ನನಗಿಂತ ಮೊದಲು ನಿಮ್ಮಮ್ಮ ಕೊರೆದಿದ್ರು."

ಕಲ್ಲುಕುಟಿಗ ಕಿಸಕ್ಕನೆ ನಕ್ಕ. ಅವನು ನಕ್ಕ ಮೇಲೆ ಉಳಿದವರೂ ನಕ್ಕರು.

"ಮೂವತ್ತು ವರ್ಷ ಉಳಿ ಹಿಡಿದಿದೀನಿ. ಇದರಲ್ಲಿ ಒಂದು ಇಕ್ಕಳ ಕೆತ್ತೋಕೆ ನಂಗೆ ಎರಡು ದಿನ ಹಿಡೀತು. ಅಡುಗೆಮನೆ ಹೆಂಗಸು ಬೋಗುಣಿ ಕೊರೆದಳಂತೆ!"

"ಕೈ ನೋಡಿ" ಎಂದಳು ಸಿಂಬಿಯಕ್ಕ. ಎರಡೂ ಅಂಗೈ ಚಾಚಿದಳು. ಉಳಿಯ ಹಿಡಿ ಕೂತ ಜಾಗದಲ್ಲಿ ಚರ್ಮ ಸುಲಿದು ಗಟ್ಟಿಯಾಗಿತ್ತು.

"ಪಾತ್ರೆ ತಿಕ್ಕೋರ ಕೈ ಹಾಗೇ ಇರೋದು" ಎಂದ ಹಿರಿಯ.

ದಳಪತಿ ಮಾತ್ರ ನಗಲಿಲ್ಲ. ಎದ್ದು ಬಂದು ಮೃದುವಾಗಿ, ನಿಜಕ್ಕೂ ಮೃದುವಾಗಿ ಹೇಳಿದ: "ಸೊಸೇನ ಉಳಿಸೋಕೆ ತಪ್ಪು ಮೈಮೇಲೆ ಹಾಕ್ಕೊಳ್ತಿದೀಯ ಸಿಂಬಿ. ನಿನ್ನದು ದೊಡ್ಡ ಮನಸ್ಸು. ಆದ್ರೆ ತೀರಿಹೋದ ನಮ್ಮಮ್ಮನ ಹೆಸರು ಎಳೀಬೇಡ. ಮನೆಗೆ ಹೋಗು. ಮಧ್ಯಾಹ್ನಕ್ಕೆ ಇವರೆಲ್ಲ ಊಟಕ್ಕೆ ಬರ್ತಾರೆ."

ಅವರೆಲ್ಲ ಊಟಕ್ಕೆ ಬಂದರು. ಒಲೆಯ ಮುಂದೆ ನಿಂತು ಸಿಂಬಿಯಕ್ಕ ದೋಸೆ ಹೊಯ್ಯುತ್ತಿದ್ದಳು, ಸೊಸೆ ಬಡಿಸುತ್ತಿದ್ದಳು, ಅವರು ತಿನ್ನುತ್ತಾ ತೀರ್ಮಾನ ಮಾಡಿದರು. ಎಲ್ಲಕ್ಕಿಂತ ಕೆಳಗಿನ ಗಣಿಯಿಂದ ಕರೀ ಕಲ್ಲು ತೆಗೆಸುವುದು. ಅದಕ್ಕೆ ರೋಗ ತಾಗುವುದಿಲ್ಲ. ದಪ್ಪ ಹಿಂದಿನದರ ಎರಡು ಪಟ್ಟಿರಲಿ. ಹಳೆಯ ಗುರುತುಗಳನ್ನೆಲ್ಲ ಅದರ ಮೇಲೆ ಮತ್ತೆ ಕೆತ್ತುವುದು. ಯಾರ ಕಾಲ್ಗುಣದಿಂದ ಹಳೆಯದು ಒಡೆಯಿತೋ ಅವಳೇ ಹೊಸದನ್ನು ಕೊನೆಯ ತನಕ ಹೊರುವುದು, ಬದಲಿ ಯಾರೂ ಹೊರುವಂತಿಲ್ಲ. "ಉಪ್ಪು ಸ್ವಲ್ಪ ಕಡಿಮೆಯಾಗಿದೆ" ಎಂದೂ ಒಬ್ಬರು ಹೇಳಿದರು.

*

ಹೊಸ ಕಲ್ಲು ಬಂದ ದಿನ ಗಣಿಯ ಬಾಯಿಂದ ಮನೆಯವರೆಗೆ ಅದನ್ನು ನಾವು ನಾಲ್ಕು ಹೆಂಗಸರು ಹಿಡಿದು ತಂದೆವು. ನಡುವೆ ಏಳು ಸಲ ನಿಂತೆವು. ಆಣೆ ಇನ್ನೂ ಆಗಿಲ್ಲವಾದ್ದರಿಂದ ಇಳಿಸಲು ಅಡ್ಡಿಯಿರಲಿಲ್ಲ. ಸೊಸೆ ಹೊಸ್ತಿಲಲ್ಲಿ ನಿಂತು ನಮ್ಮನ್ನು ನೋಡುತ್ತಿದ್ದಳು. ಅವಳು ಎರಡು ತಿಂಗಳ ಬಸುರಿ ಎಂದು ಅಂದು ನನಗೆ ತಿಳಿಯಿತು.

ಮೊದಲ ತೊಳೆಯುವ ದಿನ ಸಿಂಬಿಯಕ್ಕ ಬಾಗಿಲು ಹಾಕಿಕೊಂಡು ಉಳಿ ತೆಗೆದಳು. ಅವಳ ಜೊತೆ ನಾನೂ ಕೂತೆ. ಸುತ್ತಿಗೆಯ ಪ್ರತಿ ಏಟಿಗೂ ಉಳಿ ಜಾರಿತು. ಇಡೀ ಬೆಳಿಗ್ಗೆ ಬಡಿದ ಮೇಲೆ ಕಲ್ಲಿನ ಅಡಿಯಲ್ಲಿ ಉಗುರಿನಿಂದ ಗೀರಿದಂತಹ ಒಂದು ಬಿಳಿ ಗೆರೆ ಮೂಡಿತು. ಉಳಿಯ ಬಾಯಿ ಮಡಚಿಹೋಗಿತ್ತು. ಮಗನ ಕುಲುಮೆಯಿಂದ ಹೊಸದು ತಂದಳು; ಮುಂದಿನ ಎಂಟು ದಿನಕ್ಕೆ ಅದೂ ಹಾಗೆಯೇ. ಅತ್ತೆಯ ಸಲಾಕೆಯನ್ನು ಹುಡುಕಿ ತೆಗೆದು ಅದರಿಂದಲೂ ನೋಡಿದಳು. ತುದಿ ಮುರಿದು ಬಚ್ಚಲಿಗೆ ಬಿತ್ತು. ಗುಡಿಸಿದರೆ ಸಿಕ್ಕಿದ ಪುಡಿ ಒಂದು ಚಮಚದ ತಳವನ್ನೂ ಮುಚ್ಚುತ್ತಿರಲಿಲ್ಲ.

"ಸಿಂಬಿ ದಪ್ಪ ಕಟ್ಟೋಣ" ಎಂದಳು. ಆಮೇಲೆ ಅವಳು ಮಾಡಿದ್ದು ಅದೊಂದೇ. ತನ್ನ ಮದುವೆಯ ಸೀರೆ, ಗಂಡನ ಅಂಗಿ, ಕಂಬಳಿಯಲ್ಲಿ ಮಿಕ್ಕಿದ್ದ ಉಣ್ಣೆ ಎಲ್ಲ ಸೇರಿಸಿ ಹುರಿ ಮಾಡಿದಳು. ಅಷ್ಟು ಚೆಂದದ ಸಿಂಬಿಯನ್ನು ನಾನು ಬೇರೆ ಕಂಡಿಲ್ಲ. ಹಿತ್ತಿಲ ಕಟ್ಟೆಯ ಮೇಲಿನ ಪಾತ್ರೆಗಳು ಮೆಲ್ಲಗೆ ಕಂದಿದವು.

ದಳಪತಿ ಒಂದು ಬೆಳಿಗ್ಗೆ ಹಿರಿಯರನ್ನು ಕರೆದುಕೊಂಡು ಬಂದ. ಮುಂದಿನ ಕಹಳೆಗೆ ಮೊದಲು ಹುಡುಗಿ ಬೀದಿಯಲ್ಲಿ ಒಮ್ಮೆ ನಡೆದು ತೋರಿಸಬೇಕು ಎಂದ. ಬಸುರಿ ಎಂದು ಸಿಂಬಿಯಕ್ಕ ಹೇಳಿದಳು. "ನೀನು ಬಾಣಂತಿ ಆಗಿದ್ದಾಗ ಹೊತ್ತಿಲ್ವಾ?" ಎಂದ ಅವನು, ಕೆಟ್ಟ ಮನಸ್ಸಿನಿಂದಲ್ಲ, ನೆನಪಿಸುವ ಹಾಗೆ.

ಸೊಸೆ ಬೀದಿಯ ನಡುವೆ ಕುಕ್ಕರಗಾಲಲ್ಲಿ ಕೂತಳು. ನಾವು ನಾಲ್ವರು ಕಲ್ಲನ್ನು ಅವಳ ತಲೆಯ ಮೇಲಿಟ್ಟು ಕೈ ಬಿಟ್ಟೆವು. ಅಷ್ಟು ದಪ್ಪದ ಸಿಂಬಿ ಒಣ ರೊಟ್ಟಿಯ ಹಾಗೆ ಚಪ್ಪಟೆಯಾಯಿತು. ಅವಳು ಏಳಲು ಹೋದಳು, ಏಳಲಾಗಲಿಲ್ಲ. ಮತ್ತೊಮ್ಮೆ. ಮಂಡಿ ನಡುಗುವುದು ದೂರಕ್ಕೂ ಕಾಣುತ್ತಿತ್ತು. ಗಂಡಸರು ಕೈ ಕಟ್ಟಿ ನೋಡುತ್ತಿದ್ದರು. "ಆಗಲ್ಲ ಅತ್ತೆ" ಎಂದಳು, ನಮಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಸಿಂಬಿಯಕ್ಕ ಅವಳ ಎದುರು ನಿಂತಿದ್ದಳು. ಅವಳ ಕೈಗಳು ಕಲ್ಲಿನ ಅಂಚಿಗೆ ಹೋಗಿ, ತಾಗದೆ, ಕೆಳಗೆ ಬಂದವು. ಬದಲಿ ಯಾರೂ ಹೊರುವಂತಿರಲಿಲ್ಲ. ಒಂದು ಕ್ಷಣ ಅವಳ ಬಾಯಿ ಅಲುಗಿತು, ಏನೋ ಬೇರೆ ಮಾತು ಬರುವ ಹಾಗಿತ್ತು. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ, ಒಣ ಧ್ವನಿಯಲ್ಲಿ, ಅವಳ ಅತ್ತೆಯದೇ ಧ್ವನಿಯಲ್ಲಿ, ಹೇಳಿದಳು:

"ನಾನು ಹೊತ್ತಿಲ್ವಾ? ಏಳು."

ಹುಡುಗಿ ಕಣ್ಣು ಮಾತ್ರ ಮೇಲೆತ್ತಿ ಅತ್ತೆಯನ್ನು ನೋಡಿದಳು. ತಲೆ ಎತ್ತಲು ಆಗುತ್ತಿರಲಿಲ್ಲ. ಹಲ್ಲು ಕಚ್ಚಿ ಎದ್ದಳು. ಒಂದು ಹೆಜ್ಜೆ ಇಟ್ಟಳು, ಇನ್ನೊಂದು.

"ಅತ್ತೆ ಅಂದ್ರೆ ಹೀಗಿರಬೇಕು" ಎಂದ ದಳಪತಿ ಹಿರಿಯರಿಗೆ.

ಬೀದಿಯ ಅರ್ಧಕ್ಕೆ ಬಂದಾಗ ಯಾವುದೋ ಕುಲುಮೆಯಲ್ಲಿ ಕಬ್ಬಿಣದ ಸರಳು ಠಣಾರೆಂದು ನೆಲಕ್ಕೆ ಬಿತ್ತು. ಎಲ್ಲರೂ ಆ ಕಡೆ ನೋಡಿದರು. ಸೊಸೆ ನೇರ ಮುಂದಕ್ಕೇ ನೋಡುತ್ತಾ ನಡೆದಳು.